ಚಶ್ಮಾ ತೆಗೀಬೇಕೇನ್ರಿ?

ರಾತ್ರಿ ಹೊಲದಲ್ಲಿ ಆಕಾಶ ತೋರಿಸುವ ನಮ್ಮ ದುರ್ಬೀನಿನ ಮುಂದೆ ಸಾಲು ನಿಂತವರಲ್ಲಿ ಚಶ್ಮಾ ಹಾಕಿದ ಪ್ರತಿಯೊಬ್ಬರೂ ಇದನ್ನು ಕೇಳುತ್ತಾರೆ. ಉತ್ತರ ಹೇಳುವ ಕೆಲಸ ನನಗೆ ಬಿದ್ದಿದೆ. ನಾನು ಚಶ್ಮಾದವನು, ಅದಕ್ಕೆ. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಅಪ್ಪ ಹಾಕಿದ್ದು. ಒಂದು ಕನ್ನಡಿ, ಒಂದು ಅಕ್ಷರದ ಬೋರ್ಡು, ಎರಡು ಸ್ಟೂಲು. ಹಿಂದಿನ ಖೋಲಿಯಲ್ಲಿ ಅಪ್ಪನ ಸಾಣೆಯ ಕಲ್ಲು ಇನ್ನೂ ಇದೆ. ಈಗ ಯಾರೂ ಗಾಜಿನ ಲೆನ್ಸ್ ಕೇಳುವುದಿಲ್ಲ, ಎಲ್ಲವೂ ಪ್ಲಾಸ್ಟಿಕ್.

ಆ ಹಿಂದಿನ ಖೋಲಿಯಿಂದಲೇ ಈ ಕತೆ ಶುರುವಾಗಿದ್ದು. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ನಿವೃತ್ತ ಮಾಸ್ತರರೊಬ್ಬರು ಬಂದರು. ಕಣ್ಣು ತೋರಿಸಲು ಬಂದಿರಬೇಕು ಅಂದುಕೊಂಡೆ. ಅವರು ಕೇಳಿದ್ದು ಬೇರೆ. "ಗಾಜು ಪಾಲಿಶ್ ಮಾಡೋ ಪುಡಿ ಐತೇನ್ರಿ, ಸೀರಿಯಂ ಆಕ್ಸೈಡು?" ಮೂವತ್ತು ವರ್ಷದಲ್ಲಿ ಗಿರಾಕಿಯೊಬ್ಬ ನನ್ನ ಅಂಗಡಿಯಲ್ಲಿ ಆ ಹೆಸರು ಹೇಳಿದ್ದು ಅದೇ ಮೊದಲು. ಅಪ್ಪನ ಕಾಲದ ಡಬ್ಬಿಯೊಂದು ಅಟ್ಟದ ಮೇಲಿತ್ತು. ಗುಲಾಬಿ ಛಾಯೆಯ ಪುಡಿ, ಮೇಲೆ ಧೂಳು. ಕೊಟ್ಟೆ. ದುಡ್ಡು ತಗೊಳ್ಳಲಿಲ್ಲ. ಯಾಕೆ ಬೇಕು ಎಂದು ಮಾತ್ರ ಕೇಳಿದೆ.

"ಕನ್ನಡಿ ತಿಕ್ಕಲತ್ತೀವಿ" ಎಂದರು.

ಮಾಸ್ತರರು, ಒಬ್ಬ ವೆಲ್ಡಿಂಗ್ ಭಾಯಿ, ಒಬ್ಬ ಲೈನ್‌ಮನ್, ಕಾಲೇಜಿನ ಮೂರು-ನಾಲ್ಕು ಹುಡುಗ ಹುಡುಗಿಯರು. ಎಲ್ಲ ಸೇರಿ ಆರಿಂಚಿನ ಟೆಲಿಸ್ಕೋಪಿನ ಕನ್ನಡಿಯನ್ನು ಕೈಯಿಂದಲೇ ಮಾಡುತ್ತಿದ್ದರು. ವಿಧಾನ ಕೇಳಿ ನನಗೆ ನಗು ಬಂತು, ಆಮೇಲೆ ನಾಚಿಕೆಯಾಯಿತು. ಎರಡು ದಪ್ಪ ಗಾಜಿನ ಬಿಲ್ಲೆ. ಒಂದರ ಮೇಲೆ ಇನ್ನೊಂದು. ನಡುವೆ ನೀರು ಮತ್ತು ಕಾರ್ಬೊರಂಡಂ ಪುಡಿ. ಮೇಲಿನದನ್ನು ಹಿಂದೆ ಮುಂದೆ ತಿಕ್ಕುತ್ತಾ ಡ್ರಮ್ಮಿನ ಸುತ್ತ ನಡೆಯಬೇಕು. ಅಷ್ಟೇ. ಹಾಗೆ ತಿಕ್ಕಿದರೆ ಮೇಲಿನ ಗಾಜು ತಾನಾಗಿಯೇ ಒಳಗೆ ತಗ್ಗುತ್ತದೆ, ಕೆಳಗಿನದು ಉಬ್ಬುತ್ತದೆ. ಯಂತ್ರ ಬೇಡ, ಅಚ್ಚು ಬೇಡ. ಅಪ್ಪ ಲೆನ್ಸಿನ ಅಂಚು ತಿಕ್ಕುವುದನ್ನು ನೋಡುತ್ತಲೇ ಬೆಳೆದವನು ನಾನು. ಆದರೂ ಗಾಜಿಗೆ ಇಂಥ ಸ್ವಭಾವವಿದೆ ಎಂದು ಗೊತ್ತಿರಲಿಲ್ಲ.

ಆ ತಗ್ಗು ಎಷ್ಟಿರಬೇಕು ಗೊತ್ತಾ? ಅವರ ಕನ್ನಡಿಯ ಅಗಲ 150 ಮಿಲಿಮೀಟರ್, ನಾಭಿದೂರ, ಅಂದರೆ ಕನ್ನಡಿಯಿಂದ ಬೆಳಕು ಒಂದೆಡೆ ಕೂಡುವ ದೂರ, 1,200 ಮಿಲಿಮೀಟರ್. ಲೆಕ್ಕ ಹಾಕಿದರೆ ನಟ್ಟನಡುವೆ ತಗ್ಗು ಬರುವುದು ಒಂದು ಮಿಲಿಮೀಟರಿಗಿಂತ ಚೂರು ಜಾಸ್ತಿ. ಅದಕ್ಕಾಗಿ ತಿಂಗಳುಗಟ್ಟಲೆ ರಟ್ಟೆ ನೋಯಿಸಿಕೊಂಡರು. ಕೊನೆಗೆ ಡಾಂಬರಿನಂಥ ಪಿಚ್ ಹಚ್ಚಿದ ಬಿಲ್ಲೆಯ ಮೇಲೆ ನನ್ನ ಅಪ್ಪನ ಪುಡಿ ಹಾಕಿ ಪಾಲಿಶ್ ಮಾಡಿದರು. ಕನ್ನಡಿ ಸರಿಯಾಗಿದೆಯೇ ಎಂದು ನೋಡಲು ಬೇಕಾದದ್ದು ಒಂದು ಸಣ್ಣ ಬೆಳಕು ಮತ್ತು ಒಂದು ಶೇವಿಂಗ್ ಬ್ಲೇಡು. ಬ್ಲೇಡಿನ ಅಂಚು ಬೆಳಕನ್ನು ಕತ್ತರಿಸುವಾಗ ಕನ್ನಡಿಯ ಮೇಲೆ ನೆರಳು ಹೇಗೆ ಹರಡುತ್ತದೆ ಎಂದು ನೋಡುತ್ತಾರೆ. ಫೂಕೋ ಎಂಬ ಫ್ರೆಂಚ್ ವಿಜ್ಞಾನಿ 19ನೇ ಶತಮಾನದಲ್ಲಿ ಕಂಡುಹಿಡಿದ ಪರೀಕ್ಷೆ. ನನ್ನ ಅಂಗಡಿಯ ಲಕ್ಷಾಂತರ ರೂಪಾಯಿಯ ಮೆಷಿನ್ನಿಗಿಂತ ಸೂಕ್ಷ್ಮ ಆ ಬ್ಲೇಡು. ಅಲ್ಯುಮಿನಿಯಂ ಲೇಪನ ಮಾತ್ರ ಇಲ್ಲಿ ಆಗಲಿಲ್ಲ, ಹೈದರಾಬಾದಿಗೆ ಕಳಿಸಿದರು.

ಟೆಲಿಸ್ಕೋಪು ಕೂತಿರುವುದು ಪ್ಲೈವುಡ್ಡಿನ ಪೆಟ್ಟಿಗೆಯಲ್ಲಿ. ತೋಪಿನ ಹಾಗೆ ಮೇಲೆ ಕೆಳಗೆ, ಆಚೆ ಈಚೆ ತಿರುಗಿಸಬಹುದು. ಈ ಪೆಟ್ಟಿಗೆಯನ್ನು ಪ್ರಚಾರಕ್ಕೆ ತಂದವನು ಜಾನ್ ಡಾಬ್ಸನ್. ಅವನ ಕತೆ ಕೇಳಿ ನಾನು ಬೆರಗಾದೆ. ಆತ ಅಮೆರಿಕದಲ್ಲಿ ರಾಮಕೃಷ್ಣ ಪರಂಪರೆಯ ವೇದಾಂತ ಮಠದಲ್ಲಿ ಸನ್ಯಾಸಿಯಾಗಿದ್ದ. ಮಠದಲ್ಲಿದ್ದುಕೊಂಡೇ ಕದ್ದುಮುಚ್ಚಿ ಕನ್ನಡಿ ತಿಕ್ಕುತ್ತಿದ್ದ. ಕೈಗೆ ಸಿಕ್ಕ ಗಾಜು, ರಟ್ಟಿನ ಕೊಳವೆ, ಹಳೆ ಮರ, ಅದರಲ್ಲೇ ಟೆಲಿಸ್ಕೋಪು. 1967ರಲ್ಲಿ ಮಠ ಬಿಡಬೇಕಾಯಿತು. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಫುಟ್‌ಪಾತಿನಲ್ಲಿ ಟೆಲಿಸ್ಕೋಪು ಇಟ್ಟು ಹೋಗಿ ಬರುವವರನ್ನೆಲ್ಲ ಕರೆದು ಚಂದ್ರನನ್ನು ತೋರಿಸುತ್ತಾ ಬದುಕು ಕಳೆದ. 2014ರಲ್ಲಿ ತೀರಿಕೊಂಡ.

ಇನ್ನು ಜಾಗ. ಆಳಂದ ರಸ್ತೆಯಲ್ಲಿ ಊರಿಂದ ಇಪ್ಪತ್ತು ಕಿಲೋಮೀಟರ್ ಆಚೆ, ಲೈನ್‌ಮನ್ ಅಣ್ಣನ ಹೊಲದ ಮೂಲೆ. ಹನ್ನೆರಡು ಅಡಿಗೆ ಹತ್ತು ಅಡಿಯ ಖೋಲಿ. ನೆಲಕ್ಕೆ ಶಹಾಬಾದಿ ಫರಸಿ. ಗೋಡೆ ಎದೆಮಟ್ಟ. ಮೇಲೆ ತಗಡಿನ ಮಾಡು, ಅದು ಸರಿಯುತ್ತದೆ. ವೆಲ್ಡಿಂಗ್ ಭಾಯಿ ಎರಡು ಆಂಗಲ್ ಮೇಲೆ ಗೇಟಿನ ಚಕ್ರ ಕೂರಿಸಿದ್ದಾರೆ. ನಾಲ್ಕು ಜನ "ಹೋ" ಎಂದು ನೂಕಿದರೆ ಮಾಡು ಗಡಗಡ ಎಂದು ಹಿಂದಕ್ಕೆ ಹೋಗುತ್ತದೆ. ಒಮ್ಮೊಮ್ಮೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ, ಆಗ ಭಾಯಿ ಕಾಲಿಂದ ಒದೆಯುತ್ತಾರೆ. ಬಿರುಗಾಳಿ ದಿನ ಹಾರಿ ಹೋಗದಂತೆ ಎತ್ತಿನ ಹಗ್ಗದಿಂದ ಕಟ್ಟುತ್ತಾರೆ.

ಖೋಲಿಯ ನಡುವೆ ಒಂದು ಕಾಂಕ್ರೀಟ್ ಕಂಬವಿದೆ. ಕ್ಯಾಮೆರಾ ಹಾಕಿ ಫೋಟೋ ತೆಗೆಯುವ ಸಣ್ಣ ಟೆಲಿಸ್ಕೋಪು ಅದರ ಮೇಲೆ ಕೂರುತ್ತದೆ. ಇದು ಎರಡನೇ ಕಂಬ. ಮೊದಲನೆಯದು ಒಂದೇ ಮಳೆಗಾಲಕ್ಕೆ ವಾಲಿತು. ನಮ್ಮದು ಎರೆಭೂಮಿ ನೋಡಿ. ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮನೆ ಗೋಡೆಗಳೇ ಸೀಳುವಾಗ ಕಂಬ ಯಾವ ಲೆಕ್ಕ? ಕಣ್ಣಿಗೆ ಕಾಣದಷ್ಟು ವಾಲಿದರೂ ಫೋಟೋದಲ್ಲಿ ಎಲ್ಲ ಚಿಕ್ಕಿಯೂ ಗೆರೆಯಾಗಿ ಎಳೆದುಕೊಳ್ಳುತ್ತದೆ. ಎರಡನೇ ಸಲ ಎರೆಮಣ್ಣು ಮುಗಿದು ಗರಸು ಸಿಗುವವರೆಗೂ ಅಗೆದು, ಫರಸಿಗೆ ತಾಗದಂತೆ ಸುತ್ತ ಸಂದು ಬಿಟ್ಟು ಕಟ್ಟಿದರು. ಸಂದು ಯಾಕೆಂದರೆ ಜನ ನೆಲದ ಮೇಲೆ ಓಡಾಡಿದ ಅದುರು ಕಂಬಕ್ಕೆ ಹೋಗಬಾರದು.

ಆ ಟೆಲಿಸ್ಕೋಪಿನ ಅಕ್ಷವನ್ನು ಧ್ರುವದ ಕಡೆ ಗುರಿಯಿಡಬೇಕು. ಕಲಬುರಗಿ ಇರುವುದು ಸುಮಾರು 17 ಡಿಗ್ರಿ ಅಕ್ಷಾಂಶದಲ್ಲಿ. ಹಾಗಾಗಿ ನಮಗೆ ಧ್ರುವ ಕಾಣುವುದೂ ದಿಗಂತದಿಂದ 17 ಡಿಗ್ರಿ ಮೇಲೆ ಮಾತ್ರ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದೂವರೆ ಮುಷ್ಟಿ ಅಷ್ಟೇ. ಆ ಒಂದೂವರೆ ಮುಷ್ಟಿಯ ಜಾಗದಲ್ಲಿ ಸರಿಯಾಗಿ ಪಕ್ಕದ ಹೊಲದವರ ಬೇವಿನ ಮರ ನಿಂತಿದೆ. ಒಂದು ಟೊಂಗೆ ಕಡಿಯಲು ಕೇಳಿದರೆ ಆ ಹಿರಿಯರು, "ಚಿಕ್ಕಿ ಎಲ್ಲಿಗಿ ಹೋಗ್ತದ? ಗಿಡ ಕಡದ್ರ ಮತ್ತ ಬರಲ್ಲ" ಎಂದರು. ಅವರದು ಸರಿ ಅಂತ ನನಗೂ ಅನ್ನಿಸಿತು, ಮಾಸ್ತರರ ಮುಂದೆ ಹೇಳಲಿಲ್ಲ.

ನಾನು ಮೊದಲ ಬಾರಿ ಹೋಗಿದ್ದು ಒಲ್ಲದ ಮನಸ್ಸಿನಿಂದ. ಹಿಂದೊಮ್ಮೆ ಮಗನಿಗೆಂದು ಆನ್‌ಲೈನಿನಲ್ಲಿ ಒಂದು ಟೆಲಿಸ್ಕೋಪು ತರಿಸಿದ್ದೆ. ಡಬ್ಬಿಯ ಮೇಲೆ "675 ಪಟ್ಟು" ಎಂದು ದೊಡ್ಡದಾಗಿ ಬರೆದಿತ್ತು, ಜೊತೆಗೆ ಬಣ್ಣಬಣ್ಣದ ಶನಿ. ಒಳಗಿದ್ದದ್ದು 60 ಮಿಲಿಮೀಟರಿನ ಲೆನ್ಸು ಮತ್ತು ಉಸಿರು ಬಿಟ್ಟರೆ ಅಲುಗುವ ಮೂರು ಕಾಲು. ಅಷ್ಟು ಸಣ್ಣ ಲೆನ್ಸಿನಿಂದ 120 ಪಟ್ಟು ದಾಟಿದರೆ ಕಾಣುವುದು ಬರೀ ದೊಡ್ಡ ಮಸುಕು. ಲೆನ್ಸಿನ ವ್ಯಾಪಾರ ಮಾಡುವ ನಾನೇ ಅದಕ್ಕೆ ಮೋಸ ಹೋದೆ! ಮಗ ಎರಡು ದಿನ ನೋಡಿ ಅಟ್ಟಕ್ಕೆ ಹಾಕಿದ. ಸೀರಿಯಂ ಡಬ್ಬಿಯ ಪಕ್ಕದಲ್ಲೇ ಇತ್ತು.

ಈಗ ಅಮಾವಾಸ್ಯೆ ಹತ್ತಿರ ಬಂದರೆ ಸಂಜೆ ಏಳಕ್ಕೇ ಶಟರ್ ಎಳೆಯುತ್ತೇನೆ. ಆದರೆ ಹೇಳಬೇಕಾದ್ದು 2024ರ ಎಳ್ಳ ಅಮಾವಾಸ್ಯೆಯ ರಾತ್ರಿಯದು. ಡಿಸೆಂಬರ್ 30, ಸೋಮವಾರ. ನಮ್ಮ ಕಡೆ ಅವತ್ತು ಊರಿಗೆ ಊರೇ ಹೊಲದಲ್ಲಿರುತ್ತದೆ. ಚರಗ ಚೆಲ್ಲಿ, ಭಜ್ಜಿ, ಸಜ್ಜಿ ಕಡಬು, ಎಳ್ಳು ಹಚ್ಚಿದ ರೊಟ್ಟಿ ಉಂಡು ಸಂಜೆಗೆ ತಿರುಗಿ ಬರುತ್ತಾರೆ. ಆ ಸಲ ಮಾಸ್ತರರು, "ಸಂಜಿಗಿ ವಾಪಸ್ ಹೋಗಬ್ಯಾಡ್ರಿ, ಚಂದಪ್ಪ ಇಲ್ಲದ ರಾತ್ರಿ ಪುಕ್ಕಟ ಸಿಕ್ಕದ" ಎಂದು ಸುತ್ತಿನ ಹೊಲದವರಿಗೆಲ್ಲ ಹೇಳಿ ಕಳಿಸಿದರು. ನೂರರ ಹತ್ತಿರ ಜನ ಬಂದರು. ನಾನು ಅವ್ವನನ್ನೂ ಕರೆದುಕೊಂಡು ಹೋದೆ.

ಅವ್ವನಿಗೆ ಆಕಾಶ ನೋಡುವುದೆಂದರೆ ಸ್ವಲ್ಪ ಅನುಮಾನ. 1980ರ ಫೆಬ್ರವರಿ 16ರಂದು ಖಗ್ರಾಸ ಸೂರ್ಯಗ್ರಹಣ ಆಯಿತಲ್ಲ, ರಾಯಚೂರು ಕಡೆ ಹಾದು ಹೋಗಿದ್ದು. ಆಗ ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಉಪಕರಣ ಹೂಡಿ ಕಾಯುತ್ತಿದ್ದರು. ಕಲಬುರಗಿಯಲ್ಲಿ ನಮ್ಮಜ್ಜ ಅವ್ವನನ್ನೂ ಅವಳ ತಂಗಿಯರನ್ನೂ ಖೋಲಿಗೆ ಹಾಕಿ ಕಿಟಕಿಗೆ ಕೌದಿ ಕಟ್ಟಿದ್ದರು. "ಕೌದಿ ತೂತಿನಾಗಿಂದ ಬೆಳಕು ಬಂದು ನೆಲದ ಮ್ಯಾಲ ಕುಡಗೋಲ್ ಹಂಗ ಬಿದ್ದಿತ್ತು, ಯಾರಿಗೂ ಹೇಳಿಲ್ಲ" ಎಂದು ಅವ್ವ ದಾರಿಯಲ್ಲಿ ಕಾರಿನಲ್ಲಿ ಹೇಳಿದಳು. ಕೌದಿಯ ತೂತೇ ಸೂಜಿರಂಧ್ರ ಕ್ಯಾಮೆರಾ ಆಗಿತ್ತು! ನಲವತ್ತನಾಲ್ಕು ವರ್ಷ ಒಳಗಿಟ್ಟುಕೊಂಡಿದ್ದಳು.

ಅಲ್ಲಿ ಹೋದ ಕೂಡಲೇ ಮೊದಲ ಕೆಲಸ ಎಂದರೆ ಏನೂ ಮಾಡದೆ ಕೂರುವುದು. ಕಣ್ಣು ಕತ್ತಲೆಗೆ ಒಗ್ಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ನಡುವೆ ಯಾರಾದರೂ ಮೊಬೈಲ್ ತೆಗೆದರೆ ಮತ್ತೆ ಒಂದರಿಂದ ಎಣಿಕೆ. ಹಾಗಾಗಿ ಟಾರ್ಚಿಗೆಲ್ಲ ಕೆಂಪು ಜಿಲೇಟಿನ್ ಹಾಳೆ ಕಟ್ಟಿರುತ್ತೇವೆ. ಕತ್ತಲಲ್ಲಿ ನೋಡುವ ಕೋಶಗಳಿಗೆ ಕೆಂಪು ಬೆಳಕು ಅಷ್ಟಾಗಿ ತಾಗುವುದಿಲ್ಲ. ಇನ್ನೊಂದು ಸಂಗತಿ. ಮಸುಕಾದದ್ದನ್ನು ನೇರ ನೋಡಿದರೆ ಮಾಯವಾಗುತ್ತದೆ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಕಾಣುತ್ತದೆ. ನಾವು ನೇರ ನೋಡುವಾಗ ಬಳಸುವ ಆ ಚೂರು ಜಾಗದಲ್ಲಿ ಕತ್ತಲೆಯ ಕೋಶಗಳೇ ಇಲ್ಲ. ಪಾಠದಲ್ಲಿ ಓದಿದ್ದೆ, ಗಿರಾಕಿಗಳಿಗೆ ಚಿತ್ರ ತೋರಿಸಿ ಹೇಳಿಯೂ ಇದ್ದೆ. ಕಂಡದ್ದು ಮಾತ್ರ ಈ ಹೊಲದಲ್ಲಿ.

ನೈಋತ್ಯಕ್ಕೆ ಬೆಳ್ಳಿ ಚಿಕ್ಕಿ ಹೊಳೆಯುತ್ತಿತ್ತು. ಟೆಲಿಸ್ಕೋಪಿನಲ್ಲಿ ನೋಡಿದರೆ ಶುಕ್ರ ಅಷ್ಟಮಿಯ ಚಂದ್ರನ ಹಾಗೆ ಅರ್ಧ. ಅದರ ಮೇಲುಗಡೆ ಶನಿ. ಎಲ್ಲರೂ ಕಾದಿದ್ದು ಅದಕ್ಕೇ, ಪುಸ್ತಕದ ಬಳೆಯ ಶನಿಗೆ. ಆದರೆ ಆ ದಿನಗಳಲ್ಲಿ ಶನಿಯ ಉಂಗುರ ನಮಗೆ ಹೆಚ್ಚುಕಡಿಮೆ ಅಂಚು ತಿರುಗಿಸಿತ್ತು. ಮುಂದೆ 2025ರ ಮಾರ್ಚ್ 23ಕ್ಕೆ ಪೂರ್ತಿ ಅಂಚೇ ಎದುರಾಯಿತು. ಸುಮಾರು ಹದಿನೈದು ವರ್ಷಕ್ಕೊಮ್ಮೆ ಹೀಗಾಗುತ್ತದೆ. ಕಂಡದ್ದು ಒಂದು ಜೋಳದ ಕಾಳು, ಅದಕ್ಕೆ ಅಡ್ಡ ಚುಚ್ಚಿದ ಸೂಜಿ. "ಬಳಿ ಎಲ್ಲೈತ್ರಿ?" ಎಂದು ಒಬ್ಬ ಹುಡುಗಿ ಮುಖ ಸಣ್ಣ ಮಾಡಿದಳು. ನನಗೆ ಮಾತ್ರ ಆ ಸೂಜಿಯೇ ಇಷ್ಟವಾಯಿತು. ಎರಡು ಲಕ್ಷ ಕಿಲೋಮೀಟರಿಗೂ ಮಿಕ್ಕಿ ಅಗಲದ ಉಂಗುರ, ದಪ್ಪ ಬಹುಪಾಲು ಕಡೆ ಕೆಲವೇ ಹತ್ತು ಮೀಟರ್. ಅಷ್ಟು ತೆಳ್ಳಗಿನ ಗಾಜು ನಾನಂತೂ ಕತ್ತರಿಸಲಾರೆ.

ಈಗ ನನ್ನ ಅಂಗಡಿಯ ಅನುಭವ ಹೇಳುತ್ತೇನೆ. ಕಣ್ಣು ಪರೀಕ್ಷೆಗೆ ಕೂತವರಲ್ಲಿ ಎಷ್ಟೋ ಜನ ಸುಳ್ಳು ಹೇಳುತ್ತಾರೆ. ಕೆಳಗಿನ ಸಾಲು ಕಾಣದಿದ್ದರೂ ಊಹಿಸಿ ಓದುತ್ತಾರೆ. ಕಾಣುವುದಿಲ್ಲ ಅನ್ನುವುದು ಪರೀಕ್ಷೆಯಲ್ಲಿ ಫೇಲ್ ಆದಂತೆ ಅವರಿಗೆ. ದುರ್ಬೀನಿನ ಹತ್ತಿರವೂ ಹಾಗೆಯೇ. ಬಗ್ಗುತ್ತಾರೆ, ಎರಡು ಸೆಕೆಂಡು, "ಹಾಂ ಕಾಣ್ತು, ಕಾಣ್ತು, ಭಾಳ ಛಂದ ಅದ" ಎಂದು ಸರಿಯುತ್ತಾರೆ. ಹಿಂದೆ ಸಾಲಿದೆ, ಸಂಕೋಚ. ನಾನು ಪಕ್ಕದಲ್ಲಿ ನಿಂತು ಒಂದು ಪ್ರಶ್ನೆ ಕೇಳುತ್ತೇನೆ. "ಸೂಜಿ ಯಾವ ಕಡಿ ವಾಲ್ಯದ?" ಹೇಳಲು ತಡವರಿಸಿದರೆ ಗೊತ್ತಾಗುತ್ತದೆ. ಆಗ ತಿರುಪು ಅವರ ಕೈಗೇ ಕೊಟ್ಟು, ಸಾವಕಾಶ ಎನ್ನುತ್ತೇನೆ. ಖರೇ ಕಂಡಾಗ ಯಾರೂ "ಛಂದ ಅದ" ಅನ್ನುವುದಿಲ್ಲ. ಸುಮ್ಮನಾಗುತ್ತಾರೆ. ಇಲ್ಲವೇ ಬೈಯುತ್ತಾರೆ.

ಹಾಂ, ಚಶ್ಮಾ. ಬರೀ ದೂರದ್ದು ಅಥವಾ ಬರೀ ಹತ್ತಿರದ್ದು ನಂಬರ್ ಇದ್ದರೆ ತೆಗೆದೇ ನೋಡಿ, ಫೋಕಸ್ ತಿರುಪು ಅದನ್ನು ಸರಿ ಮಾಡುತ್ತದೆ. ಸಿಲಿಂಡರ್ ನಂಬರ್ ಒಂದಕ್ಕಿಂತ ಜಾಸ್ತಿ ಇದ್ದರೆ ಹಾಕಿಕೊಂಡೇ ನೋಡಿ. ಅಂಥ ಕಣ್ಣು ಒಂದು ದಿಕ್ಕಿಗೆ ಹೆಚ್ಚು ಬಾಗಿರುತ್ತದೆ, ಅದನ್ನು ಯಾವ ತಿರುಪೂ ನೆಟ್ಟಗೆ ಮಾಡದು. ನಮ್ಮ ಟೆಲಿಸ್ಕೋಪಿನಲ್ಲಿ 48 ಪಟ್ಟು ನೋಡುವಾಗ ಹೊರಬರುವ ಬೆಳಕಿನ ಕಂತೆ ಮೂರು ಮಿಲಿಮೀಟರ್ ದಪ್ಪ. 120 ಪಟ್ಟಿಗೆ ಏರಿಸಿದರೆ ಒಂದೂ ಕಾಲು ಮಿಲಿಮೀಟರ್. ಅಷ್ಟು ಸಣ್ಣ ಕಂತೆ ಕಣ್ಣಿನ ನಡುವಿನ ಚೂರನ್ನೇ ಬಳಸುವುದರಿಂದ ಸಿಲಿಂಡರ್ ಕಾಟ ಕಡಿಮೆ. ಬೈಫೋಕಲ್ ಹಾಕಿದವರು ಮೇಲಿನ ಭಾಗದಿಂದ ನೋಡಬೇಕು, ಕೆಳಗಿನ ಓದುವ ಬಿಲ್ಲೆಯಿಂದ ನೋಡಿ "ಮಾಡ ಕವದದ" ಅನ್ನುವವರೇ ಜಾಸ್ತಿ.

ಒಂಬತ್ತೂವರೆಗೆ ಅಗಸ್ತ್ಯ ಚಿಕ್ಕಿ ಎದ್ದು ಬಂತು. ನಮಗೆ ಕಲಬುರಗಿ ಊರು ಆಗ್ನೇಯಕ್ಕೆ, ಅಲ್ಲಿ ರಾತ್ರಿಯಿಡೀ ಹಳದಿ ಮಬ್ಬು. ಪಾಪದ ಅಗಸ್ತ್ಯ ಆ ಮಬ್ಬಿನ ಅಂಚಿನಿಂದಲೇ ಏಳಬೇಕು. ಪೂರ್ವದಲ್ಲಿ ಗುರು, ರೋಹಿಣಿ, ಮಹಾವ್ಯಾಧ (ಓರಿಯನ್ ಚಿಕ್ಕಿಪುಂಜ) ಎಲ್ಲ ಮೇಲೇರಿದ್ದವು. ವ್ಯಾಧನ ನಡುವಿನ ಮೂರು ಚಿಕ್ಕಿ ತೋರಿಸಿದರೆ ಅವ್ವ, "ನಮ್ಮಪ್ಪ ಇದಕ್ಕ ಕೂರಿಗಿ ಅಂತಿದ್ದ" ಎಂದಳು.

ಅವ್ವನ ಬಲಗಣ್ಣಿಗೆ ಎರಡು ವರ್ಷದ ಹಿಂದೆ ಪೊರೆ ತೆಗೆಸಿ ಲೆನ್ಸ್ ಹಾಕಿಸಿದ್ದೇವೆ. ಎಡಗಣ್ಣಿನದು "ಸುಗ್ಗಿ ಆಗ್ಲಿ, ಮದಿವಿ ಆಗ್ಲಿ" ಎಂದು ಮುಂದೂಡುತ್ತಲೇ ಇದ್ದಳು. ವ್ಯಾಧನ ಕಾಲಿನ ಬಿಳಿ ಚಿಕ್ಕಿಯನ್ನು ಐಪೀಸಿಗೆ ತಂದೆವು. ಅವ್ವ ಬಲಗಣ್ಣಿಟ್ಟು ನೋಡಿದಳು. ಕುತ್ತಿಗೆ ನೋವೆಂದು ತಿರುಗಿ ಎಡಗಣ್ಣಿಟ್ಟಳು. ಮತ್ತೆ ಬಲಗಣ್ಣು. "ಬ್ಯಾರೆ ಚಿಕ್ಕಿ ಹಚ್ಚಿದಿ ಏನೋ?" ಎಂದಳು. ಇಲ್ಲ ಎಂದೆ. "ಈ ಕಣ್ಣಿಗಿ ಟೂಬ್‌ಲೈಟ್, ಈ ಕಣ್ಣಿಗಿ ಹಳೇ ತುಪ್ಪ."

ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ನೀಲಿಯನ್ನು ಒಳಗೆ ಬಿಡುವುದಿಲ್ಲ. ನಿಧಾನವಾಗಿ ಆಗುವುದರಿಂದ ಯಾರಿಗೂ ತಿಳಿಯುವುದಿಲ್ಲ. ಹೊಸ ಲೆನ್ಸು ಸ್ವಚ್ಛ. ಇದನ್ನು ನೂರಾರು ಜನರಿಗೆ ವಿವರಿಸಿದ್ದೇನೆ, ಮನೆಯಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಹೇಳಿದ ಮೇಲೆ ಅವ್ವ ಸ್ವಲ್ಪ ಹೊತ್ತು ಯೋಚಿಸಿದಳು. "ಹಂಗಾದ್ರ ತಮ್ಮಾ, ಆ ಸೀರಿ ಅಂಗಡ್ಯಾಂವ ಅದು ನೀಲಿ ಅಂದದ್ದು ಖರೇನಾ? ನಾ ಹಸರು ಅಂತ ಜಗಳಾಡಿ ಬಂದಿದ್ದೆ." ಮರುವಾರವೇ ಎಡಗಣ್ಣಿಗೆ ತಾರೀಖು ತಗೊಂಡೆವು. ಚಿಕ್ಕಿಗಾಗಿ ಅಲ್ಲ, ಸೀರೆಗಾಗಿ.

ಚಹಾದ ಹೊತ್ತಿಗೆ ಮಾಸ್ತರರು ಫಿರೋಜ್ ಶಾಹನ ವಿಷಯ ತೆಗೆದರು. ನಮ್ಮೂರಿನ ಹಫ್ತ್ ಗುಂಬಜ್‌ನಲ್ಲಿ ಮಲಗಿರುವ ಬಹಮನಿ ಸುಲ್ತಾನ, 1397ರಿಂದ 1422ರವರೆಗೆ ಆಳಿದವನು. ನಾವು ಹುಡುಗರಿದ್ದಾಗ ಆ ಗುಮ್ಮಟದ ಸುತ್ತ ಕ್ರಿಕೆಟ್ ಆಡುತ್ತಿದ್ದೆವು. ಆತನಿಗೆ ಖಗೋಳದ ಹುಚ್ಚಿತ್ತಂತೆ. 1407ರ ಹೊತ್ತಿಗೆ ದೌಲತಾಬಾದಿನ ಹತ್ತಿರ ಘಟ್ಟದ ಮೇಲೆ ವೀಕ್ಷಣಾಲಯ ಕಟ್ಟಿಸಲು ಹೊರಟ. ಹಕೀಮ್ ಹಸನ್ ಗಿಲಾನಿ ಎಂಬ ವಿದ್ವಾಂಸ ಅದರ ಉಸ್ತುವಾರಿ. ಆತ ತೀರಿಕೊಂಡ, ಕೆಲಸ ಅಲ್ಲಿಗೇ ನಿಂತಿತು ಎಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. "ಒಬ್ಬನ ಮ್ಯಾಲ ಬಿಟ್ರ ಹಿಂಗ ಆಗ್ತದ" ಎಂದು ವೆಲ್ಡಿಂಗ್ ಭಾಯಿ ತಕ್ಷಣ ಹೇಳಿದರು, ಮಾಡು ನೂಕಲು ಬಾರದೆ ಚಹಾ ಕುಡಿಯುತ್ತಿದ್ದ ಹುಡುಗರ ಕಡೆ ನೋಡುತ್ತಾ.

ಅವತ್ತೇ ರಾತ್ರಿ ಜನರನ್ನು ಕರೆತಂದಿದ್ದ ಟಂಟಂ ಡ್ರೈವರ್ ಒಬ್ಬ ದೂರ ನಿಂತಿದ್ದ. ಮೂವತ್ತೈದರ ವಯಸ್ಸಿರಬಹುದು. ಕರೆದರೆ, "ನಂಗ ಹಂಗೇ ಕಾಣ್ತಾವ ಬಿಡ್ರಿ, ಬಾಲದ ಸಂಗಟ" ಎಂದ. ಯಾವ ಬಾಲ? "ಎಲ್ಲಾ ಚಿಕ್ಕಿಗೂ ಇರ್ತದಲ್ರಿ, ಓರಿ ಬಾಲ." ಎಲ್ಲ ಚಿಕ್ಕಿಯ ಬಾಲವೂ ಒಂದೇ ದಿಕ್ಕಿಗೆ ಎಂದು ಕೈಯಿಂದ ತೋರಿಸಿದ. ಎದುರಿನ ಗಾಡಿಯ ಲೈಟಿಗೂ ಹಾಗೆಯೇ ಅಂತೆ. ಚಿಕ್ಕಿಯ ಚಿತ್ರ ಬರೆಯುವಾಗ ಮೂಲೆ ಮೂಲೆ ಬರೆಯುವುದೂ ಇದಕ್ಕೇ ಎಂದು ಅವನು ತಿಳಿದಿದ್ದ. ಮರುದಿನ ಅಂಗಡಿಗೆ ಬಾ ಎಂದೆ. ಬಂದ. ಎರಡೂ ಕಣ್ಣಿಗೆ ಒಂದೂವರೆ ಸಿಲಿಂಡರ್. ಬೋರ್ಡಿನ ಅಕ್ಷರಗಳನ್ನು ಊಹಿಸಿ ಓದುವುದರಲ್ಲಿ ಅವನಷ್ಟು ಜಾಣನನ್ನು ನಾನು ಕಂಡಿಲ್ಲ. ಚಶ್ಮಾ ಕೊಟ್ಟೆ. ರಾತ್ರಿ ಗಾಡಿ ಹೊಡೆಯುವವನು, ಬೇಕೇ ಬೇಕು.

ಜನವರಿಯ ಅಮಾವಾಸ್ಯೆಗೆ ಅವನು ಮತ್ತೆ ಬಂದ, ಬಾಡಿಗೆ ಇಲ್ಲದೆ, ಹೆಂಡತಿ ಮಕ್ಕಳ ಜೊತೆ. ದುರ್ಬೀನಿನ ಸಾಲಿಗೆ ನಿಲ್ಲಲಿಲ್ಲ. ಹೊಲದ ಬದುವಿನ ಮೇಲೆ ನಿಂತು ಚಶ್ಮಾ ಹಾಕಿ ಮೇಲೆ ನೋಡಿದ, ತೆಗೆದು ನೋಡಿದ, ಮತ್ತೆ ಹಾಕಿದ. ನಾನು ಹತ್ತಿರ ಹೋಗಿ ಹೇಗಿದೆ ಎಂದು ಕೇಳಿದೆ.

"ಈಗ ಸಾಸಿವಿ ಕಾಳಿನಂಗ ಆಗ್ಯಾವ್ರಿ" ಎಂದ. ಸ್ವಲ್ಪ ಹೊತ್ತು ಬಿಟ್ಟು, ನನಗೆ ಬೇಜಾರಾಗಬಾರದೆಂದು ದನಿ ಇಳಿಸಿ, "ಗಾಡಿ ಹೊಡ್ಯಾಕ ಇದೇ ಚಲೋ. ಆದ್ರ ಕಾಕಾ, ಬಾಲ ಇದ್ದಾಗ ಭಾಳ ಛಂದ ಇದ್ದವು."